ಯಕೃತ್ ಕಸಿಯ ನಂತರ ಮನೆಗೆ: ರೋಗಿಯ ಜೊತೆಗೆ ಮನೆಯೂ ಸಿದ್ಧವಾಗಬೇಕು

ಯಕೃತ್ ಕಸಿ ಆದವರ ವಾರ್ಡಿನಲ್ಲಿ, ರೋಗಿ ಐಸಿಯುವಿನಿಂದ ಹೊರಗೆ ಬಂದ ಮರುದಿನದಿಂದಲೇ ಮನೆಯವರು ಕೇಳತೊಡಗುವ ಪ್ರಶ್ನೆ ಡಿಸ್ಚಾರ್ಜ್ ಯಾವಾಗ ಎಂಬುದು. ರಕ್ತದಲ್ಲಿ ಕಾಮಾಲೆಯ ಅಳತೆಯಾದ ಬಿಲಿರುಬಿನ್ ಎಷ್ಟಕ್ಕೆ ಇಳಿದಿದೆ, ಹೊಟ್ಟೆಗೆ ಹಾಕಿರುವ ಡ್ರೈನ್ ಕೊಳವೆಯನ್ನು ಎಂದು ತೆಗೆಯುತ್ತಾರೆ ಎಂಬ ಲೆಕ್ಕದಲ್ಲಿ ಅವರು ಉತ್ತರವನ್ನು ನಿರೀಕ್ಷಿಸುತ್ತಾರೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಆಗಿರುವ ನಾನು ಉತ್ತರಿಸುವ ಮೊದಲು ಬೇರೆಯೇ ಕೆಲವು ಪ್ರಶ್ನೆಗಳನ್ನು ಕೇಳುತ್ತೇನೆ. ಮಾತ್ರೆ ಕೊಡುವವರು ಯಾರು? ಇಳಿದುಕೊಳ್ಳುವ ಮನೆ ಯಾವ ಏರಿಯಾದಲ್ಲಿದೆ? ಅಲ್ಲಿ ಅಡುಗೆ ಯಾರದು? ನಡುರಾತ್ರಿ ಜ್ವರ ಬಂದರೆ ಗಾಡಿ ಎಲ್ಲಿಂದ ಬರುತ್ತದೆ? ಇವುಗಳಿಗೆ ಸರಿಯಾದ ಉತ್ತರ ಸಿಗದಿದ್ದರೆ, ರಕ್ತಪರೀಕ್ಷೆಯ ವರದಿ ಎಷ್ಟೇ ಚೆನ್ನಾಗಿದ್ದರೂ ಆ ರೋಗಿಯನ್ನು ಮನೆಗೆ ಕಳಿಸುವ ಕಾಲ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಇದು ಅತಿಯಾಯಿತು ಎನ್ನುವ ವೈದ್ಯರೂ ಇದ್ದಾರೆ. ಅವಸರದಲ್ಲಿ ಹೋದವರು ವಾರದೊಳಗೆ ಮತ್ತೆ ದಾಖಲಾದಾಗ ಆ ಚರ್ಚೆ ತಾನಾಗಿಯೇ ನಿಲ್ಲುತ್ತದೆ.

ವೈದ್ಯಕೀಯವಾಗಿ ಏನೇನು ಆಗಿರಬೇಕು ಎಂಬುದನ್ನು ಬೇಗ ಹೇಳಿ ಮುಗಿಸಬಹುದು. ಎಲ್ಲವೂ ಸರಿಯಾಗಿ ನಡೆದರೆ ಶಸ್ತ್ರಚಿಕಿತ್ಸೆಯಾದ ಎರಡು ಮೂರು ವಾರಗಳಲ್ಲಿ ಡಿಸ್ಚಾರ್ಜ್ ಮಾತು ಬರುತ್ತದೆ. ಹೊಸ ಯಕೃತ್ತು ಕೆಲಸ ಮಾಡುತ್ತಿದೆ ಎಂದು ಎಲ್ಎಫ್‌ಟಿ ಎಂಬ ರಕ್ತಪರೀಕ್ಷೆಯ ವರದಿಗಳು ತೋರಿಸಬೇಕು, ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತನಾಳಗಳು ಸರಾಗವಾಗಿ ಕಾಣಬೇಕು, ಸೋಂಕಿನ ಸುಳಿವಿರಬಾರದು, ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಔಷಧದ ಮಟ್ಟ ರಕ್ತದಲ್ಲಿ ಒಂದು ಹದಕ್ಕೆ ಬಂದಿರಬೇಕು. ರೋಗಿ ಬಾಯಿಂದ ಸಾಕಷ್ಟು ಊಟ ಮಾಡುತ್ತಿರಬೇಕು, ಯಾರ ಆಸರೆಯೂ ಇಲ್ಲದೆ ಎದ್ದು ಬಾತ್‌ರೂಮಿಗೆ ಹೋಗಿಬರುವಂತಿರಬೇಕು. ಇಷ್ಟನ್ನು ನೋಡಿಕೊಳ್ಳಲು ಆಸ್ಪತ್ರೆಯಲ್ಲಿ ಒಂದು ದೊಡ್ಡ ತಂಡವಿದೆ. ಮನೆಯನ್ನು ನೋಡಿಕೊಳ್ಳಲು ಅಂಥ ತಂಡವಿಲ್ಲ.

ಆದ್ದರಿಂದ ಡಿಸ್ಚಾರ್ಜ್‌ನ ತಯಾರಿ ಶಸ್ತ್ರಚಿಕಿತ್ಸೆಗೆ ಮುಂಚೆಯೇ, ರೋಗಿಯನ್ನು ಕಸಿಗೆ ಯೋಗ್ಯರೇ ಎಂದು ಪರೀಕ್ಷಿಸುವ ದಿನಗಳಲ್ಲಿಯೇ ಶುರುವಾಗಬೇಕು. ಮೃತ ದಾನಿಯ ಯಕೃತ್ತಿಗಾಗಿ ಕಾಯುವವರ ವಿಷಯದಲ್ಲಿ ಇದು ಇನ್ನಷ್ಟು ನಿಜ. ನಮ್ಮ ರಾಜ್ಯದಲ್ಲಿ ಮೃತ ದಾನಿಗಳ ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಸೇರಿದ ಮೇಲೆ ಕರೆ ಯಾವ ರಾತ್ರಿ ಬರುತ್ತದೆಂದು ಯಾರೂ ಹೇಳಲಾರರು. ಕರೆ ಬಂದ ಮೇಲೆ ಉಳಿಯುವುದು ಕೆಲವೇ ಗಂಟೆಗಳು. ಬಾಡಿಗೆ ಮನೆ ಹುಡುಕುವುದು, ರಜೆ ಕೇಳುವುದು, ಮಕ್ಕಳನ್ನು ಯಾರ ಮನೆಯಲ್ಲಿ ಬಿಡುವುದು ಎಂಬುದನ್ನೆಲ್ಲ ಆ ಹೊತ್ತಿಗೆ ಯೋಚಿಸಲಾಗದು. ಕಾಯುವ ತಿಂಗಳುಗಳಲ್ಲಿ ಇವುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಕುಟುಂಬಗಳಿಗೂ ಬರೆದಿಟ್ಟುಕೊಳ್ಳದ ಕುಟುಂಬಗಳಿಗೂ ಇರುವ ವ್ಯತ್ಯಾಸ, ಕಸಿಯಾದ ಎರಡನೆಯ ವಾರದಲ್ಲಿ ಕಣ್ಣಿಗೆ ಕಾಣುತ್ತದೆ.

ಜೀವಂತ ದಾನಿಯಿಂದ ಕಸಿ ಮಾಡುವಾಗ ದಿನಾಂಕ ಮೊದಲೇ ಗೊತ್ತಿರುತ್ತದೆ ಎಂಬ ಅನುಕೂಲವಿದೆ. ಆದರೆ ಅಲ್ಲಿ ಬೇರೊಂದು ತೊಡಕಿದೆ, ಮತ್ತು ಭಾರತದಲ್ಲಿ ಯಕೃತ್ ಕಸಿಯ ಬಹುಪಾಲು ಇದೇ ರೀತಿಯದ್ದಾದ್ದರಿಂದ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1994ರ ಮಾನವ ಅಂಗಾಂಗ ಕಸಿ ಕಾಯಿದೆ ಹತ್ತಿರದ ಸಂಬಂಧಿಗಳೆಂದು ಗುರುತಿಸಿರುವುದು ಗಂಡ ಅಥವಾ ಹೆಂಡತಿ, ತಂದೆತಾಯಿ, ಮಕ್ಕಳು ಮತ್ತು ಒಡಹುಟ್ಟಿದವರನ್ನು. 2011ರ ತಿದ್ದುಪಡಿ ಅಜ್ಜ, ಅಜ್ಜಿ ಮತ್ತು ಮೊಮ್ಮಕ್ಕಳನ್ನೂ ಸೇರಿಸಿತು. ಬೇರೆಯವರು ದಾನ ಮಾಡಬೇಕಾದರೆ ಅಧಿಕಾರ ಸಮಿತಿಯ ಅನುಮತಿ ಬೇಕು. ಹೀಗಾಗಿ ದಾನಿ ಹೆಚ್ಚಾಗಿ ಅದೇ ಮನೆಯವರು, ಹೆಂಡತಿಯೋ ಮಗನೋ ಮಗಳೋ ಆಗಿರುತ್ತಾರೆ. ಎಂದರೆ ರೋಗಿಯನ್ನು ಇಷ್ಟು ವರ್ಷ ನೋಡಿಕೊಂಡ, ಅವರ ಔಷಧಗಳ ಹೆಸರು ಗೊತ್ತಿರುವ, ಅಡುಗೆಮನೆ ಯಾರ ಕೈಯಲ್ಲಿದೆಯೋ ಆ ವ್ಯಕ್ತಿಯೇ ತಮ್ಮ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಕೊಟ್ಟು, ಹೊಟ್ಟೆಯ ಮೇಲೆ ಹೊಲಿಗೆ ಹಾಕಿಸಿಕೊಂಡು ಪಕ್ಕದ ವಾರ್ಡಿನಲ್ಲಿ ಮಲಗಿರುತ್ತಾರೆ.

ದಾನಿ ಸುಮಾರು ಒಂದು ವಾರದಲ್ಲಿ ಮನೆಗೆ ಹೋಗುತ್ತಾರೆ. ಉಳಿದ ಯಕೃತ್ತು ಕೆಲವೇ ತಿಂಗಳುಗಳಲ್ಲಿ ಬಹುಮಟ್ಟಿಗೆ ಮತ್ತೆ ಬೆಳೆಯುತ್ತದೆ, ಅದು ದೊಡ್ಡ ಸಮಾಧಾನವೇ. ಆದರೆ ಹೊಟ್ಟೆಯ ಗೋಡೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಎರಡು ಮೂರು ತಿಂಗಳು ತುಂಬಿದ ಕೊಡ ಎತ್ತುವಂತಿಲ್ಲ, ಗ್ಯಾಸ್ ಸಿಲಿಂಡರ್ ಎಳೆಯುವಂತಿಲ್ಲ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವಂತಿಲ್ಲ. ದಾನಿ ಆರೋಗ್ಯವಂತರು ಎಂಬ ಕಾರಣಕ್ಕೆ ಎಲ್ಲರ ಗಮನವೂ ರೋಗಿಯ ಕಡೆಗೇ ಹರಿಯುತ್ತದೆ. ದಾನಿ ಹೆಂಡತಿಯಾಗಿದ್ದರಂತೂ, ಮನೆಗೆ ಬಂದ ಮೂರನೆಯ ದಿನಕ್ಕೆ ಅವರು ಒಲೆಯ ಮುಂದೆ ನಿಂತಿರುತ್ತಾರೆ. ಆದ್ದರಿಂದ ಇಂಥ ಕುಟುಂಬಗಳ ಹತ್ತಿರ ನಾನು ಮೂರನೆಯ ವ್ಯಕ್ತಿಯ ಹೆಸರು ಕೇಳುತ್ತೇನೆ: ರೋಗಿಯೂ ಅಲ್ಲದ, ದಾನಿಯೂ ಅಲ್ಲದ, ಕನಿಷ್ಠ ಎರಡು ತಿಂಗಳು ಜೊತೆಗಿರಬಲ್ಲ ಒಬ್ಬರು. ನಾದಿನಿ, ತಮ್ಮ, ಚಿಕ್ಕಮ್ಮ, ಯಾರಾದರೂ ಸರಿ. "ಎಲ್ಲರೂ ಇದ್ದೀವಿ ಮೇಡಂ, ಯಾರಾದರೂ ಬರ್ತಾರೆ" ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಎಲ್ಲರೂ ಇರುವ ಮನೆಯಲ್ಲಿ ರಾತ್ರಿ ಎಂಟರ ಮಾತ್ರೆ ಯಾರು ಕೊಟ್ಟರು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.

ಇನ್ನು ಮನೆ. ಕಲಬುರಗಿ, ಬಳ್ಳಾರಿ, ಹಾಸನ, ಶಿವಮೊಗ್ಗ ಕಡೆಗಳಿಂದ ಬಂದವರು ಡಿಸ್ಚಾರ್ಜ್ ಆದ ಕೂಡಲೇ ಊರಿಗೆ ಹೋಗುವಂತಿಲ್ಲ. ದೇಹವು ಹೊಸ ಅಂಗವನ್ನು ತಿರಸ್ಕರಿಸುವ ಸಾಧ್ಯತೆ, ಸೋಂಕು, ಪಿತ್ತನಾಳದ ಸೋರಿಕೆ ಅಥವಾ ಕಿರಿದಾಗುವಿಕೆ, ಇವೆಲ್ಲ ಹೆಚ್ಚಾಗಿ ಕಾಡುವುದು ಮೊದಲ ಮೂರು ತಿಂಗಳಲ್ಲಿ. ರಕ್ತಪರೀಕ್ಷೆಯೂ ಆರಂಭದಲ್ಲಿ ವಾರಕ್ಕೆ ಎರಡು ಬಾರಿ ಆಗಬೇಕಾಗುತ್ತದೆ. ಆದ್ದರಿಂದ ಆಸ್ಪತ್ರೆಯಿಂದ ಅರ್ಧ ಗಂಟೆಯ ದಾರಿಯೊಳಗೆ ಮನೆ ಹಿಡಿಯಿರಿ ಎನ್ನುತ್ತೇವೆ. ಬೆಂಗಳೂರಿನಲ್ಲಿ ಅರ್ಧ ಗಂಟೆಯ ದಾರಿ ಎಂದರೆ ಎಷ್ಟು ಕಿಲೋಮೀಟರು ಎಂಬುದು ಬೆಳಿಗ್ಗೆಯೋ ಸಂಜೆಯೋ ಎಂಬುದನ್ನು ಅವಲಂಬಿಸಿದೆ, ಆ ಮಾತು ಬೇರೆ. ಮನೆ ನೋಡಲು ಹೋಗುವವರಿಗೆ ನಾನು ಕೆಲವು ಸಂಗತಿಗಳನ್ನು ಹೇಳಿ ಕಳಿಸುತ್ತೇನೆ. ಮೂರನೆಯ ಮಹಡಿಯಾದರೆ ಲಿಫ್ಟ್ ಇರಬೇಕು. ರೋಗಿಗೆ ಬೇರೆ ಕೋಣೆ, ಕಮೋಡ್ ಇರುವ ಬಾತ್‌ರೂಮ್ ಇರಬೇಕು, ಏಕೆಂದರೆ ಹೊಟ್ಟೆಯ ಗಾಯ ಮಾಗುವ ಮುನ್ನ ಕುಕ್ಕರುಗಾಲಿನಲ್ಲಿ ಕೂತು ಏಳುವುದು ಕಷ್ಟ. ಕಟ್ಟಡದ ನೀರಿನ ಸಂಪ್‌ಗೆ ಟ್ಯಾಂಕರ್ ನೀರು ಬರುತ್ತದೆಯೇ ಎಂದು ವಿಚಾರಿಸಬೇಕು; ಯಾವ ನೀರಾದರೂ ಕುಡಿಯುವುದಕ್ಕೆ ಕುದಿಸಿ ಆರಿಸಲೇಬೇಕು. ಗೋಡೆಗೆ ತೇವ ಬಡಿದು ಬೂಷ್ಟು ಹಿಡಿದ ಮನೆ ಬೇಡ, ಪಕ್ಕದಲ್ಲೇ ಕಟ್ಟಡ ಕೆಡವುತ್ತಿರುವ ಮನೆಯೂ ಬೇಡ, ಏಕೆಂದರೆ ಆ ಧೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಕಣಗಳಿರುತ್ತವೆ, ರೋಗನಿರೋಧಕ ಶಕ್ತಿ ತಗ್ಗಿದವರ ಶ್ವಾಸಕೋಶದಲ್ಲಿ ಅದು ಬೇರೂರುತ್ತದೆ. ಬಾಲ್ಕನಿಯನ್ನು ಇಣುಕಿ ನೋಡದೆ ಅಡ್ವಾನ್ಸ್ ಕೊಡಬೇಡಿ ಎಂದೂ ಹೇಳುತ್ತೇನೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿರುತ್ತವೆ. ಒಣಗಿದ ಹಿಕ್ಕೆಯಲ್ಲಿರುವ ಕ್ರಿಪ್ಟೋಕಾಕಸ್ ಎಂಬ ಇನ್ನೊಂದು ಶಿಲೀಂಧ್ರ ಮಿದುಳಿನ ಪೊರೆಯವರೆಗೂ ಹೋಗಬಲ್ಲದು. ಅದನ್ನು ರೋಗಿ ಬರುವ ಮುಂಚೆಯೇ ಬೇರೆಯವರು ನೀರು ಹಾಕಿ ತೊಳೆದು ಬಲೆ ಕಟ್ಟಿಸಿರಬೇಕು. ಒಣಗಿದ್ದನ್ನು ಹಾಗೆಯೇ ಗುಡಿಸಬಾರದು.

ಔಷಧಗಳ ಮಾತಿಗೆ ಬಂದರೆ ಇಲ್ಲಿ ಅವಸರ ಸಲ್ಲದು. ಮನೆಗೆ ಹೋಗುವ ದಿನ ರೋಗಿಯ ಚೀಟಿಯಲ್ಲಿ ಹತ್ತು ಹನ್ನೆರಡು ಔಷಧಗಳಿರುವುದು ಸಾಮಾನ್ಯ. ತಿರಸ್ಕಾರ ತಡೆಯಲು ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್ ಮತ್ತು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಒಂದು ಬಗೆಯ ನ್ಯುಮೋನಿಯಾ ಬಾರದಂತೆ ಕೋಟ್ರೈಮೊಕ್ಸಜೋಲ್. ಸೈಟೊಮೆಗಾಲೊ ವೈರಸ್‌ಗೆ ವಾಲ್‌ಗ್ಯಾನ್ಸಿಕ್ಲೊವಿರ್. ಹೆಪಟೈಟಿಸ್ ಬಿ ಇದ್ದವರಿಗೆ ಎಂಟೆಕವಿರ್ ಅಥವಾ ಟೆನೊಫೊವಿರ್. ಸ್ಟೀರಾಯ್ಡ್‌ನಿಂದ ಸಕ್ಕರೆ ಏರಿದ್ದರೆ ಇನ್ಸುಲಿನ್. ಇವುಗಳಲ್ಲಿ ಟ್ಯಾಕ್ರೋಲಿಮಸ್ ಅತ್ಯಂತ ಸೂಕ್ಷ್ಮವಾದುದು. ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ 1984ರಲ್ಲಿ ಪತ್ತೆಯಾದ ಈ ಔಷಧವನ್ನು ಬಿಟ್ಟು ಇಂದು ಯಕೃತ್ ಕಸಿಯನ್ನು ಯೋಚಿಸುವುದೂ ಕಷ್ಟ. ರಕ್ತದಲ್ಲಿ ಇದರ ಮಟ್ಟ ಕಡಿಮೆಯಾದರೆ ದೇಹ ಹೊಸ ಯಕೃತ್ತಿನ ಮೇಲೆ ತಿರುಗಿಬೀಳುತ್ತದೆ, ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ, ಕೈ ನಡುಗುತ್ತದೆ, ಪೊಟ್ಯಾಸಿಯಂ ಏರುತ್ತದೆ. ಸರಿ ಮತ್ತು ತಪ್ಪುಗಳ ನಡುವಿನ ಅಂತರ ಕೆಲವೇ ನ್ಯಾನೊಗ್ರಾಂಗಳದ್ದು.

ಆದ್ದರಿಂದಲೇ ಮಾತ್ರೆಗಳ ಪಾಠವನ್ನು ಡಿಸ್ಚಾರ್ಜ್ ದಿನಕ್ಕೆ ಉಳಿಸಿಕೊಳ್ಳುವುದನ್ನು ನಾನು ವಿರೋಧಿಸುತ್ತೇನೆ. ರೋಗಿ ವಾರ್ಡಿಗೆ ಬಂದ ಕೆಲವು ದಿನಗಳಲ್ಲೇ, ನರ್ಸ್ ಪಕ್ಕದಲ್ಲಿ ನಿಂತಿರುವಾಗಲೇ ಮನೆಯವರು ತಮ್ಮ ಕೈಯಿಂದ ಮಾತ್ರೆ ತೆಗೆದುಕೊಡುವ ಅಭ್ಯಾಸ ಮಾಡಬೇಕು. ಬಾಯಲ್ಲಿ ಹೇಳಿಸುವುದು ಸಾಲದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹಾವೇರಿ ಕಡೆಯ ಒಬ್ಬ ತಾಯಿಗೆ ಮಗನ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಕೇಳಿದೆ. ಹೊತ್ತಿಗೆ ಒಂದೂವರೆ ಮಿಲಿಗ್ರಾಂ ಇತ್ತು, ಎಂದರೆ ಒಂದು ಮಿಲಿಗ್ರಾಂನ ಒಂದು ಕ್ಯಾಪ್ಸೂಲ್ ಮತ್ತು ಅರ್ಧ ಮಿಲಿಗ್ರಾಂನ ಒಂದು ಕ್ಯಾಪ್ಸೂಲ್. "ಮುಂಜಾನೆ ಎಂಟಕ್ಕ ಎರಡು, ರಾತ್ರಿ ಎಂಟಕ್ಕ ಎರಡು, ಹೌದಲ್ರಿ?" ಎಂದರು. ಉತ್ತರದಲ್ಲಿ ತಪ್ಪಿರಲಿಲ್ಲ. ಈಗ ತೆಗೆದು ತೋರಿಸಿ ಎಂದು ಟ್ರೇ ಮುಂದಿಟ್ಟೆ. ಅವರು ಒಂದು ಮಿಲಿಗ್ರಾಂನ ಸ್ಟ್ರಿಪ್ಪಿನಿಂದಲೇ ಎರಡು ಕ್ಯಾಪ್ಸೂಲ್ ಒತ್ತಿ ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆಗೆ ಚಾಚಿದರು. ಲೆಕ್ಕಕ್ಕೆ ಎರಡೇ, ಆದರೆ ಪ್ರಮಾಣ ಎರಡು ಮಿಲಿಗ್ರಾಂ. ಒಂದೇ ಕಂಪನಿಯ ಆ ಎರಡು ಸ್ಟ್ರಿಪ್ಪುಗಳು ಹೊರನೋಟಕ್ಕೆ ಹೆಚ್ಚುಕಡಿಮೆ ಒಂದೇ ಬಗೆ, ಸಂಖ್ಯೆ ಮಾತ್ರ ಸಣ್ಣ ಅಕ್ಷರದಲ್ಲಿ ಬೇರೆ. ಅರ್ಧ ಮಿಲಿಗ್ರಾಂನ ಸ್ಟ್ರಿಪ್ಪಿಗೆ ಒಂದು ಕೆಂಪು ರಬ್ಬರ್ ಬ್ಯಾಂಡ್ ಸುತ್ತಿ, "ಕೆಂಪಿನದರಿಂದ ಒಂದು, ಬರಿಯದರಿಂದ ಒಂದು" ಎಂದು ಹೇಳಿಕೊಟ್ಟ ಮೇಲೆ, ಮುಂದಿನ ಪ್ರತಿ ಹೊತ್ತೂ ಅವರು ಸರಿಯಾಗಿಯೇ ತೆಗೆದರು. ಓದು ಬರಹ ಚೆನ್ನಾಗಿ ಬಲ್ಲ ಮನೆಗಳಲ್ಲಿಯೂ ಈ ಗೊಂದಲ ನೋಡಿದ್ದೇನೆ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡರೆ ಹೊತ್ತು ತಪ್ಪುವುದಿಲ್ಲ, ಆದರೆ ಯಾವ ಸ್ಟ್ರಿಪ್ಪು ಎಂಬುದನ್ನು ಅಲಾರಂ ಹೇಳುವುದಿಲ್ಲ.

ಹೊತ್ತಿನ ವಿಚಾರದಲ್ಲಿ ಇನ್ನೂ ಎರಡು ಮಾತು. ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆಯೇ ತೆಗೆದುಕೊಳ್ಳಬೇಕು. ಹಿಂದಿನ ರಾತ್ರಿಯ ಮಾತ್ರೆಯಾಗಿ ಹನ್ನೆರಡು ಗಂಟೆಯಾದಾಗಿನ ಮಟ್ಟ ವೈದ್ಯರಿಗೆ ಬೇಕಾಗಿರುತ್ತದೆ. ಎಂಟಕ್ಕೆ ಮಾತ್ರೆ ನುಂಗಿ ಒಂಬತ್ತಕ್ಕೆ ಲ್ಯಾಬಿಗೆ ಬಂದರೆ ವರದಿಯಲ್ಲಿ ದೊಡ್ಡ ಸಂಖ್ಯೆ ಬರುತ್ತದೆ, ಅದನ್ನು ನಂಬಿ ಪ್ರಮಾಣ ತಗ್ಗಿಸಿದರೆ ಅಪಾಯ. ಇನ್ನೊಂದು, ಮಾತ್ರೆ ಮರೆತುಹೋದರೆ ಮುಂದಿನ ಹೊತ್ತಿಗೆ ಎರಡು ಪಟ್ಟು ಕೊಡಬಾರದು. ವಾಂತಿಯಾದರೆ ಮತ್ತೆ ಕೊಡಬೇಕೇ ಎಂದು ಫೋನ್ ಮಾಡಿ ಕೇಳಬೇಕು. ಮೆಡಿಕಲ್ ಶಾಪಿನವರು ಇದೇ ಔಷಧದ ಬೇರೆ ಕಂಪನಿಯದು ಅಗ್ಗಕ್ಕಿದೆ ಎಂದು ಕೊಟ್ಟರೂ ಕೇಳದೆ ಬದಲಾಯಿಸುವಂತಿಲ್ಲ. ದಿನಕ್ಕೆ ಒಮ್ಮೆ ತೆಗೆದುಕೊಳ್ಳುವ ಬಗೆಯ ಟ್ಯಾಕ್ರೋಲಿಮಸ್ ಕೂಡ ಇರುವುದರಿಂದ ಈ ಎಚ್ಚರ ಇನ್ನೂ ಮುಖ್ಯ.

ಟ್ಯಾಕ್ರೋಲಿಮಸ್‌ನ ಮಟ್ಟವನ್ನು ಏರುಪೇರು ಮಾಡುವ ವಸ್ತುಗಳ ಪಟ್ಟಿ ಆಸ್ಪತ್ರೆಯ ಕರಪತ್ರದಲ್ಲಿ ಇರುತ್ತದೆ. ಆದರೆ ಆ ಪಟ್ಟಿಗಳು ಹೆಚ್ಚಾಗಿ ಅಮೆರಿಕದ ಕರಪತ್ರಗಳ ನಕಲು. ಅವುಗಳಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಎಂದಿರುತ್ತದೆ; ನಮ್ಮ ರೋಗಿಗಳಲ್ಲಿ ಬಹುತೇಕರು ಆ ಹಣ್ಣನ್ನು ಕಂಡೇ ಇರುವುದಿಲ್ಲ. ಅದರ ಹತ್ತಿರದ ನೆಂಟ ನಮ್ಮ ಚಕ್ಕೋತ. ಯಕೃತ್ತು ಮತ್ತು ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ತಡೆಯುವ ಅಂಶ ಎರಡರಲ್ಲಿಯೂ ಇದೆ. ದೇವನಹಳ್ಳಿ ಚಕ್ಕೋತ ಸಿಗುವ ಊರಿನಲ್ಲಿ ಕೂತು ಗ್ರೇಪ್‌ಫ್ರೂಟ್ ಬಗ್ಗೆ ಎಚ್ಚರಿಸಿ ಚಕ್ಕೋತದ ಹೆಸರೆತ್ತದಿದ್ದರೆ ಆ ಕರಪತ್ರದಿಂದ ಏನು ಪ್ರಯೋಜನ? ಹಾಗೆಯೇ ಅಮೃತಬಳ್ಳಿ ಕಷಾಯ. ಕೋವಿಡ್ ಕಾಲದಿಂದ ಇದು ಮನೆಮನೆಯ ಮದ್ದಾಗಿದೆ, ಮತ್ತು ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂಬುದೇ ಅದರ ಖ್ಯಾತಿ. ಆ ಶಕ್ತಿಯನ್ನು ತಗ್ಗಿಸಲೆಂದೇ ದಿನಕ್ಕೆರಡು ಹೊತ್ತು ಔಷಧ ನುಂಗುತ್ತಿರುವವರಿಗೆ ಅದನ್ನು ಕುಡಿಸುವುದು ಎಷ್ಟು ತಲೆಕೆಳಗಾದ ಕೆಲಸ ಎಂದು ವಿವರಿಸಿದರೆ ಜನ ಒಪ್ಪುತ್ತಾರೆ. ಅಮೃತಬಳ್ಳಿ ಸೇವನೆಯಿಂದ ಯಕೃತ್ತಿಗೇ ಹಾನಿಯಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಕಾಮಾಲೆಗೆಂದು ಹಳ್ಳಿಗಳಲ್ಲಿ ಕೊಡುವ ನೆಲನೆಲ್ಲಿಯಂಥ ನಾಟಿ ಔಷಧಗಳೂ ಬೇಡ. ಮೈಕೈ ನೋವಿಗೆ ಡೈಕ್ಲೊಫಿನಾಕ್, ಐಬುಪ್ರೊಫೇನ್ ಬೇಡ, ಮೂತ್ರಪಿಂಡ ಕೆಡುತ್ತದೆ. ಹಲ್ಲುನೋವಿಗೋ ಗಂಟಲುನೋವಿಗೋ ಹತ್ತಿರದ ಕ್ಲಿನಿಕ್ಕಿನವರು ಕ್ಲಾರಿಥ್ರೊಮೈಸಿನ್ ಬರೆದರೆ ಟ್ಯಾಕ್ರೋಲಿಮಸ್ ಮಟ್ಟ ಜಿಗಿಯುತ್ತದೆ, ಕ್ಷಯಕ್ಕೆ ರಿಫಾಂಪಿಸಿನ್ ಶುರುಮಾಡಿದರೆ ಕುಸಿಯುತ್ತದೆ.

ಊಟದ ವಿಷಯದಲ್ಲಿ ನಮ್ಮ ಜನರೊಂದಿಗೆ ನಡೆಯುವ ವಾದ ಬೇರೆ ದೇಶದ ಯಾವ ಪುಸ್ತಕದಲ್ಲಿಯೂ ಇಲ್ಲ. ಕಾಮಾಲೆ ಎಂದರೆ ಪಥ್ಯ, ಪಥ್ಯ ಎಂದರೆ ಗಂಜಿ, ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ ಎಂಬ ತಿಳಿವಳಿಕೆ ಬಹಳ ಆಳದ್ದು. ಯಕೃತ್ತು ಗಟ್ಟಿಯಾಗುವ ಸಿರೋಸಿಸ್‌ನಿಂದ ವರ್ಷಗಟ್ಟಲೆ ನರಳಿ ತೋಳು ತೊಡೆಗಳ ಮಾಂಸಖಂಡವೆಲ್ಲ ಕರಗಿರುವ ರೋಗಿಗೆ ಈಗ ಬೇಕಾಗಿರುವುದು ಪ್ರೋಟೀನು. ದೇಹತೂಕದ ಪ್ರತಿ ಕಿಲೋಗೆ ಸುಮಾರು ಒಂದೂಕಾಲರಿಂದ ಒಂದೂವರೆ ಗ್ರಾಂ ಎಂಬುದು ಆಹಾರತಜ್ಞರ ಲೆಕ್ಕ, ಎಂದರೆ ದಿನವೂ ಬೇಯಿಸಿದ ಮೊಟ್ಟೆ, ಗಟ್ಟಿ ಬೇಳೆ, ಪನೀರ್, ತಿನ್ನುವವರಾದರೆ ಚೆನ್ನಾಗಿ ಬೆಂದ ಕೋಳಿ ಅಥವಾ ಮೀನು. ಮೊಟ್ಟೆ ಮುಟ್ಟದ ಮನೆಗಳಲ್ಲಿ ಬೇಳೆ, ಸೋಯಾ ಮತ್ತು ಹಾಲಿನಿಂದ ಆ ಲೆಕ್ಕ ಹೊಂದಿಸಲು ನಮ್ಮ ಡಯಟಿಷಿಯನ್ ಪಡುವ ಪಾಡನ್ನು ನಾನು ಬಲ್ಲೆ. ಅದೇ ಹೊತ್ತಿಗೆ ನೋಡಲು ಬರುವ ಪ್ರತಿಯೊಬ್ಬರ ಕೈಯಲ್ಲೂ ಎಳನೀರು. ತಂಪು, ಒಳ್ಳೆಯದು ಎಂದು ತರುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಟ್ಯಾಕ್ರೋಲಿಮಸ್ ಮತ್ತು ಕೋಟ್ರೈಮೊಕ್ಸಜೋಲ್ ಎರಡೂ ಪೊಟ್ಯಾಸಿಯಂ ಏರಿಸುವ ಔಷಧಗಳೇ. ಅದು ಮಿತಿಮೀರಿದರೆ ಹೃದಯದ ಬಡಿತ ತಪ್ಪುತ್ತದೆ. ಆದ್ದರಿಂದ ವರದಿ ನೋಡಿ ವೈದ್ಯರು ಹೂಂ ಎನ್ನುವವರೆಗೆ ಎಳನೀರು ಬೇಡ. ಹಸಿ ಕೋಸಂಬರಿ, ಮೊಳಕೆ ಕಾಳು, ಕಾಯಿಸದ ಹಾಲು, ಹೊರಗಿನ ಹಣ್ಣಿನ ರಸ, ದೇವಸ್ಥಾನದ ತೀರ್ಥ ಮತ್ತು ಪಂಚಾಮೃತಗಳನ್ನೂ ಮೊದಲ ತಿಂಗಳುಗಳಲ್ಲಿ ಬಿಡಬೇಕು. ತೀರ್ಥವನ್ನು ಕಣ್ಣಿಗೊತ್ತಿಕೊಂಡರೆ ಸಾಕು ಎಂದು ಅಜ್ಜಿಯರನ್ನು ಒಪ್ಪಿಸುವುದು ಸಾಧ್ಯವಿದೆ, ಅದಕ್ಕೆ ಸ್ವಲ್ಪ ಹೊತ್ತು ಕೂತು ಮಾತಾಡಬೇಕು ಅಷ್ಟೆ.

ನೋಡಲು ಬರುವವರ ವಿಚಾರವೂ ಅಷ್ಟೇ ಸೂಕ್ಷ್ಮ. ದೊಡ್ಡ ಆಪರೇಷನ್ ಆದವರನ್ನು ನೋಡಲು ಬಾರದಿದ್ದರೆ ಸಂಬಂಧ ಕೆಡುತ್ತದೆ ಎಂಬ ಭಯ ಬರುವವರಿಗಿದ್ದರೆ, ಬಾಗಿಲಲ್ಲೇ ನಿಲ್ಲಿಸಿದರೆ ಬೇಜಾರಾಗುತ್ತಾರೆ ಎಂಬ ಅಳುಕು ಮನೆಯವರಿಗಿರುತ್ತದೆ. ಹೀಗಾಗಿ ಬೇಡವೆನ್ನುವ ಹೊಣೆಯನ್ನು ಆಸ್ಪತ್ರೆಯೇ ಹೊರುವುದು ಲೇಸು. ಮೊದಲ ತಿಂಗಳುಗಳಲ್ಲಿ ಭೇಟಿ ಬೇಡ, ಡಾಕ್ಟರ ಕಟ್ಟಪ್ಪಣೆ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿದ ಹಾಳೆಯೊಂದನ್ನು ಬಾಗಿಲಿಗೆ ಅಂಟಿಸಲು ಕೊಟ್ಟರೆ ಮನೆಯವರು ಕೆಟ್ಟವರಾಗುವುದು ತಪ್ಪುತ್ತದೆ. ಮನೆಯಲ್ಲಿ ಪುಟ್ಟ ಮಗುವಿದ್ದರೆ ಪೋಲಿಯೊ ಹನಿ ಹಾಕಿಸುವ ಮುಂಚೆ ಮಕ್ಕಳ ವೈದ್ಯರಿಗೆ ಕಸಿಯ ವಿಷಯ ತಿಳಿಸಬೇಕು. ಹನಿಯಲ್ಲಿರುವುದು ಜೀವಂತ ವೈರಸ್ಸು, ಅದರ ಬದಲು ಚುಚ್ಚುಮದ್ದಿನ ಲಸಿಕೆಯಿದೆ. ಈ ಒಂದು ವಿಷಯವನ್ನು ಡಿಸ್ಚಾರ್ಜ್ ಮಾತುಕತೆಯಲ್ಲಿ ಯಾರೂ ಕೇಳುವುದಿಲ್ಲ, ನಾವೇ ಎತ್ತಬೇಕು.

ಡಿಸ್ಚಾರ್ಜ್ ಆಗುವ ದಿನ ಯಾವುದಾಗಬೇಕು ಎಂಬುದರಲ್ಲಿಯೂ ಆಯ್ಕೆಯಿದೆ. ಅಮಾವಾಸ್ಯೆ ಬೇಡ, ಮಂಗಳವಾರ ಬೇಡ, ರಾಹುಕಾಲದಲ್ಲಿ ಹೊರಡಬಾರದು ಎಂದು ಮನೆಯವರು ಕೇಳಿದರೆ ನಾನು ನಗುವುದಿಲ್ಲ. ನನ್ನದೂ ಒಂದು ಪಂಚಾಂಗವಿದೆ: ಶನಿವಾರ ಬೇಡ, ಹಬ್ಬದ ಹಿಂದಿನ ದಿನ ಬೇಡ. ಮನೆಗೆ ಹೋದ ಮೊದಲ ಎರಡು ದಿನಗಳಲ್ಲೇ ಹೆಚ್ಚಿನ ಸಂಶಯಗಳು ಹುಟ್ಟುತ್ತವೆ, ಆಗ ಒಪಿಡಿಯೂ ಲ್ಯಾಬೂ ತೆರೆದಿರಬೇಕು. ಇನ್ನು ವಿಮೆಯಿದ್ದವರ ಪಾಡು. ಬೆಳಿಗ್ಗೆ ರೌಂಡ್ಸ್‌ನಲ್ಲಿ ವೈದ್ಯರು ಹೊರಡಿ ಎಂದಿರುತ್ತಾರೆ, ಹತ್ತು ಗಂಟೆಗೆಲ್ಲ ಬ್ಯಾಗು ಕಟ್ಟಿ ರೋಗಿ ಬಟ್ಟೆ ಬದಲಾಯಿಸಿ ಕೂತಿರುತ್ತಾರೆ, ವಿಮೆಯ ಬಿಲ್ಲುಗಳನ್ನು ಪರಿಶೀಲಿಸುವ ಟಿಪಿಎ ಸಂಸ್ಥೆಯ ಕಡೆಯಿಂದ ಬಿಲ್ಲಿಗೆ ಅಂತಿಮ ಒಪ್ಪಿಗೆ ಬರುವ ಹೊತ್ತಿಗೆ ಸಂಜೆ ಏಳಾಗಿರುತ್ತದೆ. ವಾರ್ಡಿನ ಲೆಕ್ಕದಲ್ಲಿ ರೋಗಿ ಹೋಗಿಯಾಯಿತು, ಮನೆಯ ಲೆಕ್ಕದಲ್ಲಿ ಇನ್ನೂ ಬಂದಿಲ್ಲ, ರಾತ್ರಿ ಎಂಟರ ಟ್ಯಾಕ್ರೋಲಿಮಸ್ ಟ್ರಾಫಿಕ್ಕಿನ ನಡುವೆ ಸಿಕ್ಕಿಬೀಳುತ್ತದೆ. ಆ ರಾತ್ರಿಯ ಮಾತ್ರೆಯನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ, ನೀರಿನ ಬಾಟಲಿಯೊಂದಿಗೆ, ಡಿಕ್ಕಿಯಲ್ಲಿರುವ ದೊಡ್ಡ ಬ್ಯಾಗಿನಲ್ಲಿ ಅಲ್ಲ, ಜೊತೆಗೆ ಕೂರುವವರ ಕೈಚೀಲದಲ್ಲಿ ಇಡಿಸುತ್ತೇನೆ. ಎರಡು ವಾರಕ್ಕಾಗುವಷ್ಟು ಔಷಧವನ್ನು ಹಿಂದಿನ ದಿನವೇ ಕೊಂಡು, ಚೀಟಿಯೊಂದಿಗೆ ಹೋಲಿಸಿ ನೋಡಿಯಾಗಿರಬೇಕು.

ಡಿಸ್ಚಾರ್ಜ್ ಸಮರಿ ಇಂಗ್ಲಿಷಿನಲ್ಲಿರುತ್ತದೆ, ಹತ್ತು ಪುಟಗಳಷ್ಟಿರುತ್ತದೆ, ಅದನ್ನು ಬರೆಯುವುದು ಇನ್ನೊಬ್ಬ ವೈದ್ಯರಿಗಾಗಿ. ಮನೆಯವರಿಗೆ ಬೇರೆಯೇ ಒಂದು ಹಾಳೆ ಬೇಕು, ಕನ್ನಡದಲ್ಲಿ, ಒಂದೇ ಪುಟ. ಒಂದು ಕಡೆ ಮಾತ್ರೆಗಳ ಹೊತ್ತು. ಇನ್ನೊಂದು ಕಡೆ ದಿನವೂ ಬರೆಯಬೇಕಾದ ತೂಕ, ಬಿಪಿ, ಸಕ್ಕರೆ, ಜ್ವರ ಮತ್ತು ಮೂತ್ರದ ಪ್ರಮಾಣ. ಕೆಳಗೆ, ಯಾವುದಕ್ಕೆ ಬೆಳಗಾಗುವವರೆಗೆ ಕಾಯಬಾರದು ಎಂಬ ವಿವರ: 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಚಳಿ ನಡುಕ, ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು, ಮಲ ಬಿಳಿಚುವುದು, ಗಾಯದಿಂದ ಕೀವು ಅಥವಾ ನೀರು ಒಸರುವುದು, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ, ಮಾತಿನಲ್ಲಿ ತೊಡರು ಅಥವಾ ಮಂಕು. ಸ್ಟೀರಾಯ್ಡ್ ಇರುವಾಗ ದೊಡ್ಡ ಸೋಂಕಿಗೂ ಸಣ್ಣ ಜ್ವರವೇ ಬರಬಹುದು ಎಂಬುದನ್ನು ಒತ್ತಿ ಹೇಳಬೇಕು, ಇಲ್ಲದಿದ್ದರೆ ಪ್ಯಾರಸಿಟಮಾಲ್ ಕೊಟ್ಟು ಮಲಗಿಸಿಬಿಡುತ್ತಾರೆ. ಈ ಹಾಳೆಯನ್ನು ರೋಗಿಯ ಕೈಗೆ ಕೊಟ್ಟು ಬಿಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಕಸಿಗೆ ಮೊದಲು ಅಮೋನಿಯಾ ಏರಿ ತಿಂಗಳುಗಟ್ಟಲೆ ಮಂಕಾಗಿದ್ದ ಮಿದುಳು ಚುರುಕಾಗಲು ಕಾಲ ಬೇಕು. ಸ್ಟೀರಾಯ್ಡ್‌ನಿಂದ ನಿದ್ದೆಗೆಟ್ಟು ಕೆಲವರು ಸಿಡುಕರಾಗುತ್ತಾರೆ, ಕೆಲವರು ಎಲ್ಲ ಸರಿಯಾಯಿತೆಂಬ ಅತಿಯಾದ ಹುರುಪಿನಲ್ಲಿರುತ್ತಾರೆ.

ಕುಡಿತದಿಂದ ಯಕೃತ್ತು ಕಳೆದುಕೊಂಡವರ ವಿಷಯದಲ್ಲಿ ಇನ್ನೊಂದು ಮಾತನ್ನು ಮನೆಯವರ ಮುಂದೆಯೇ ಆಡಬೇಕಾಗುತ್ತದೆ. ಕುಡಿತ ಬಿಡಲು ಕಸಿಗೆ ಮುಂಚೆ ನಡೆದ ಕೌನ್ಸೆಲಿಂಗ್ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಭಾವಿಸಿರುತ್ತಾರೆ, ಆದರೆ ಅದು ಮುಂದುವರಿಯಬೇಕು. ಒಪಿಡಿಯ ಮೊದಲ ದಿನಾಂಕದ ಜೊತೆಗೇ ಮನೋವೈದ್ಯರ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಕೊಟ್ಟರೆ ಅದು ಶಿಕ್ಷೆಯಂತೆ ಕಾಣದೆ ಚಿಕಿತ್ಸೆಯ ಭಾಗವಾಗಿ ಕಾಣುತ್ತದೆ.

ಹಣದ ಮಾತನ್ನು ಕೊನೆಗೆ ತಳ್ಳುವುದು ವಾಡಿಕೆ, ಅದು ಸರಿಯಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ಬಿಪಿಎಲ್ ಕುಟುಂಬಗಳ ಅಂಗಾಂಗ ಕಸಿಗೆ ರಾಜ್ಯ ಸರ್ಕಾರದ ನೆರವಿದೆ, ಹಣ ಕೊಡುವ ದಾನಿಗಳ ಕೈ ಸೇರಿ ಶಸ್ತ್ರಚಿಕಿತ್ಸೆಯ ದೊಡ್ಡ ಮೊತ್ತ ಹೇಗೋ ಹೊಂದಿಕೆಯಾಗಿರುತ್ತದೆ. ಆದರೆ ಮಾತ್ರೆ ಜೀವನಪೂರ್ತಿ, ಮತ್ತು ಮೊದಲ ವರ್ಷದ ಖರ್ಚು ಎಲ್ಲಕ್ಕಿಂತ ಹೆಚ್ಚು. ತಿಂಗಳ ಔಷಧ, ಪರೀಕ್ಷೆ ಮತ್ತು ಬಾಡಿಗೆಯ ಅಂದಾಜನ್ನು ಕಸಿಗೆ ಮುಂಚೆಯೇ ಕಾಗದದ ಮೇಲೆ ಬರೆದು ತೋರಿಸಬೇಕು. ದುಡ್ಡು ಮುಗಿದ ತಿಂಗಳಲ್ಲಿ ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆಯನ್ನು ದಿನಕ್ಕೊಂದು ಹೊತ್ತಿಗೆ ಇಳಿಸಿಕೊಂಡವರಿದ್ದಾರೆ. ಮಾತ್ರೆ ಕಡಿಮೆ ಬಿದ್ದರೆ ಮೊದಲು ಫೋನ್ ಮಾಡಬೇಕಾದ್ದು ನಮಗೆ ಎಂದು ಡಿಸ್ಚಾರ್ಜ್ ದಿನ ಬಾಯಿಬಿಟ್ಟು ಹೇಳಬೇಕು.

ಮೂರು ತಿಂಗಳಾಗಿ ಎಲ್ಲವೂ ಸರಿಯಿದ್ದರೆ ಊರಿಗೆ ಹೋಗಲು ಅನುಮತಿ ಸಿಗುತ್ತದೆ. ಇದನ್ನು ಎರಡನೆಯ ಡಿಸ್ಚಾರ್ಜ್ ಎಂದೇ ಭಾವಿಸಿ ಮತ್ತೊಮ್ಮೆ ತಯಾರಿ ಮಾಡುತ್ತೇವೆ. ಊರಿನ ಅಥವಾ ತಾಲ್ಲೂಕಿನ ವೈದ್ಯರೊಬ್ಬರಿಗೆ ಪತ್ರ ಬರೆದು, ಯಾವ ಔಷಧಗಳನ್ನು ಕೇಳದೆ ಕೊಡಬಾರದು ಎಂಬುದನ್ನು ಅದರ ಮೊದಲ ಸಾಲಿನಲ್ಲೇ ಹಾಕುತ್ತೇವೆ. ಕಸಿಯಾಗಿರುವ ವಿಷಯ ಮತ್ತು ನಮ್ಮ ಫೋನ್ ಸಂಖ್ಯೆ ಇರುವ ಕಾರ್ಡು ರೋಗಿಯ ಜೇಬಿನಲ್ಲಿ ಸದಾ ಇರಬೇಕು, 108ರಲ್ಲಿ ಬರುವವರಿಗೂ ಅದು ಕಣ್ಣಿಗೆ ಬೀಳಬೇಕು. ಹೊಲ ಗದ್ದೆಯ ಕೆಲಸ, ಗೊಬ್ಬರ ಹರಡುವುದು, ಕೊಟ್ಟಿಗೆ ಬಾಚುವುದು ಇನ್ನೂ ಬೇಡ. ಮೇಸ್ತ್ರಿಯಂತೆ ಬದುವಿನ ಮೇಲೆ ನಿಂತು ನೋಡಿಕೊಳ್ಳಲು ಅಡ್ಡಿಯಿಲ್ಲ. ಟ್ಯಾಕ್ರೋಲಿಮಸ್ ಮಟ್ಟ ನೋಡುವ ಪರೀಕ್ಷೆ ಹೆಚ್ಚಿನ ತಾಲ್ಲೂಕು ಲ್ಯಾಬುಗಳಲ್ಲಿ ಆಗುವುದಿಲ್ಲ, ಅವರು ರಕ್ತ ತೆಗೆದು ದೊಡ್ಡ ಊರಿಗೆ ಕಳಿಸುತ್ತಾರೆ, ವರದಿ ಬರಲು ಒಂದೆರಡು ದಿನ ಹಿಡಿಯುತ್ತದೆ. ಆದ್ದರಿಂದ ಸೋಮವಾರ ಬೆಳಿಗ್ಗೆ, ಮಾತ್ರೆಗೆ ಮುಂಚೆ ರಕ್ತ ಕೊಟ್ಟರೆ ವಾರದ ನಡುವೆ ವರದಿ ವಾಟ್ಸಾಪಿನಲ್ಲಿ ನಮಗೆ ಸಿಕ್ಕಿ, ಪ್ರಮಾಣ ಬದಲಾಯಿಸಬೇಕಿದ್ದರೆ ಶುಕ್ರವಾರದೊಳಗೆ ಅವರಿಗೆ ತಿಳಿಸಲು ಸಮಯವಿರುತ್ತದೆ. ಊರಿಗೆ ಹೊರಡುವ ಮುನ್ನವೇ ಆ ಲ್ಯಾಬಿಗೆ ಫೋನ್ ಮಾಡಿ, ಮಾದರಿ ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳಿ, ಅದನ್ನೂ ಅದೇ ಕನ್ನಡ ಹಾಳೆಯ ಮೇಲೆ ಬರೆದು ಕೊಡುತ್ತೇನೆ.